ಎಪ್ಪತ್ತೈದರ ಭರಣಿ

ಜುಲೈ 7, ಸೋಮವಾರ

ಪತ್ರ ಬಂತು. ಪಿಎಚ್.ಡಿ. ನೋಂದಣಿಗೆ ಕೊನೆಯ ವಿಸ್ತರಣೆ, ಸೆಪ್ಟೆಂಬರ್ ಮೂವತ್ತರವರೆಗೆ. 'ಕೊನೆಯ' ಎಂಬುದರ ಅಡಿಗೆ ಯಾರೋ ಪೆನ್ನಿನಲ್ಲಿ ಗೆರೆ ಎಳೆದಿದ್ದಾರೆ. ಆಗಸ್ಟ್ 29ಕ್ಕೆ ಸಮಿತಿಯ ಮುಂದೆ ಪೂರ್ಣ ಫಲಿತಾಂಶ ಇಡದಿದ್ದರೆ ಹೆಸರು ತೆಗೆದುಹಾಕುತ್ತಾರೆ. ಒಂಬತ್ತು ವರ್ಷ. ಐವತ್ತೊಂದನೆಯ ವಯಸ್ಸಿನಲ್ಲಿ ಮೊದಲಿನಿಂದ ಶುರು ಮಾಡುವಷ್ಟು ಉಸಿರು ನನ್ನಲ್ಲಿಲ್ಲ. ಇದು ದುಃಖದಿಂದ ಬರೆದದ್ದಲ್ಲ, ಅಳೆದು ಬರೆದದ್ದು.

ಪ್ರಯೋಗದ ಪುಸ್ತಕ ಬೇರೆ ಇದೆ. ಅದರ ಚೌಕಗಳಲ್ಲಿ ಹಿಡಿಸದಿರುವುದನ್ನು ಇಲ್ಲಿ ಬರೆಯುತ್ತೇನೆ.

ಹಲಸಿನ ಬೀಜದಿಂದ ತೆಗೆದ ಪ್ರೋಟೀನನ್ನು ಗಾಜಿನ ಪಟ್ಟಿಗಳ ಮೇಲೆ ಹರಡಿ ಒಣಗಿಸಿದ್ದೇನೆ. ಪ್ರತಿ ಪಟ್ಟಿಯ ಎರಡು ತುದಿಗೆ ಬೆಳ್ಳಿಯ ಅಂಟು, ಅಂಟಿಗೆ ತಂತಿ. ಪೂರ್ತಿ ಒಣಗಿದ ಪ್ರೋಟೀನ್ ಗಾಜಿನಷ್ಟೇ ಮೊಂಡು, ವಿದ್ಯುತ್ತನ್ನು ಬಿಟ್ಟುಕೊಡುವುದಿಲ್ಲ. ನೀರಿನ ಅಣುಗಳು ಒಂದೊಂದಾಗಿ ಬಂದು ಅಂಟಿಕೊಂಡ ಹಾಗೆ ಬಿಡತೊಡಗುತ್ತದೆ. ಎಷ್ಟು ನೀರಿಗೆ ಎಷ್ಟು? ಒಂಬತ್ತು ವರ್ಷ ಹೋದದ್ದು ಇಷ್ಟರಲ್ಲಿ.

ತೇವವನ್ನು ಹಿಡಿದಿಡಲು ಆರು ಗಾಜಿನ ಭರಣಿಗಳಿವೆ. ಮೊದಲನೆಯದರಲ್ಲಿ ತೇವ ಹೀರುವ ಹರಳು. ಉಳಿದವುಗಳ ತಳದಲ್ಲಿ ಒಂದೊಂದು ಲವಣ, ಸ್ವಲ್ಪ ನೀರು. ಲವಣ ಪೂರ್ತಿ ಕರಗದೆ ಉಳಿಯಬೇಕು. ಮುಚ್ಚಿಟ್ಟರೆ ಹೊರಗೆ ಆಟಿಯ ಮಳೆ ಏನೇ ಮಾಡಲಿ, ಒಳಗಿನ ತೇವ ಒಂದೇ ಅಂಕಿಗೆ ನಿಲ್ಲುತ್ತದೆ. ಮೆಗ್ನೀಸಿಯಂ ಕ್ಲೋರೈಡಿಗೆ ನೂರಕ್ಕೆ ಮೂವತ್ತಮೂರು. ಅಡಿಗೆ ಉಪ್ಪಿಗೆ ಎಪ್ಪತ್ತೈದು. ತೇವ ಅಳೆಯುವ ಉಪಕರಣ ಜೂನಿನಲ್ಲೇ ಕೆಟ್ಟಿತು. ಸೂಕ್ಷ್ಮ ತಕ್ಕಡಿ ರಿಪೇರಿಗೆ ಹೋಗಿ ತಿಂಗಳಾಯಿತು. ಪರವಾಗಿಲ್ಲ, ಲವಣಗಳು ಕೆಡುವುದಿಲ್ಲ.

ಮಧ್ಯಾಹ್ನ ಕಾಲೇಜಿನ ಲ್ಯಾಬಿನ ಅಟೆಂಡರ್ ಬಂದು ನಿಂತರು. "ಮೇಡಂ, ಉಪ್ಪಿನ ಬಾಟ್ಲಿ ಖಾಲಿ ಉಂಟು. ಇಂಡೆಂಟ್ ಹಾಕಿ ತರಿಸಿದ್ರೆ ಬರುವಾಗ ಚೌತಿ ಕಳೀಬೇಕು." ನಾನು ಪೇಪರು ತಿದ್ದುತ್ತಿದ್ದೆ. "ಉಪ್ಪು ಯಾವುದಾದರೇನು, ಮನೆಯದ್ದೇ ತನ್ನಿ. ಕರಗದೆ ಉಳಿಯಬೇಕು, ಅಷ್ಟೆ" ಎಂದೆ.

ಬಂಟ್ವಾಳದಿಂದ ತಂಗಿ ಕಾಂತಿಯ ಫೋನ್ ಬಂತು. ಎತ್ತಲಿಲ್ಲ. ರಾತ್ರಿಯ ಅಡಿಗೆ, ಅರ್ಧ ಪಾವು ಅಕ್ಕಿಗೆ ಎರಡು ಲೋಟ ನೀರು. ಒಬ್ಬಳ ಅಳತೆ ಕೈಗೇ ಗೊತ್ತಿದೆ.

ಜುಲೈ 12, ಶನಿವಾರ

ಇದು ಮೂರನೆಯ ಕಾಫಿ. ಅಂಕಿಗಳನ್ನು ಎರಡೆರಡು ಸಲ ಓದಿದೆ.

ಒಣ ಭರಣಿಯಲ್ಲಿ 0.2 ಪಿಕೋ ಆಂಪಿಯರ್. ಒಂದು ಆಂಪಿಯರಿನ ಲಕ್ಷ ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲಿನ ಐದರಲ್ಲೊಂದು ಭಾಗ. ಮೂವತ್ತಮೂರರ ಭರಣಿಯಲ್ಲಿ ನಾಲ್ಕು. ಐವತ್ತಮೂರರಲ್ಲಿ ನಲವತ್ತನಾಲ್ಕು. ಎಂಬತ್ತನಾಲ್ಕರಲ್ಲಿ ಹದಿನೇಳು ಸಾವಿರ ದಾಟಿತು. ಕೊನೆಯ, ತೊಂಬತ್ತೇಳರ ಭರಣಿಯಲ್ಲಿ ಲೆಕ್ಕ ಲಕ್ಷಗಳಿಗೆ ಏರಿತು. ಅದೇ ಬೀಜ, ಅದೇ ಗಾಜು, ಅದೇ ಬ್ಯಾಟರಿ. ಬದಲಾದದ್ದು ಕಣ್ಣಿಗೆ ಕಾಣದಷ್ಟು ನೀರು ಮಾತ್ರ. ಪಟ್ಟಿ ಮುಟ್ಟಿದರೆ ಒದ್ದೆ ಕೂಡ ಅನಿಸುವುದಿಲ್ಲ.

ಎಪ್ಪತ್ತೈದರ ಭರಣಿಯದ್ದು ಬುಧವಾರ. ಅದರ ಪಟ್ಟಿಯನ್ನು ತಡವಾಗಿ ಇಟ್ಟದ್ದು.

ಜುಲೈ 16, ಬುಧವಾರ

ಏಳು.

ಎಪ್ಪತ್ತೈದರ ಭರಣಿಯಲ್ಲಿ ಏಳು ಪಿಕೋ ಆಂಪಿಯರ್. ಸಾವಿರಕ್ಕೂ ಮೇಲೆ ಬರಬೇಕಿತ್ತು. ತಂತಿ ಬಿಚ್ಚಿ ಹಾಕಿದೆ. ಏಳು. ಬ್ಯಾಟರಿ ಬದಲಿಸಿದೆ. ಏಳು. ಅಟೆಂಡರ್ ಬಾಗಿಲಲ್ಲಿ ನಿಂತು, "ಬಸ್ಸು ತಪ್ಪುತ್ತದೆ ಮೇಡಂ" ಎಂದರು. ತಪ್ಪಲಿ ಎಂದೆ, ಅವರ ಬಸ್ಸೋ ನನ್ನ ಬಸ್ಸೋ ಎಂದು ಯೋಚಿಸದೆ.

ಜುಲೈ 20, ಭಾನುವಾರ

ಬೇರೆ ಮೂರು ಪಟ್ಟಿಗಳನ್ನು ಅದೇ ಭರಣಿಯಲ್ಲಿಟ್ಟು ನೋಡಿದೆ. ಏಳು, ಆರೂವರೆ, ಏಳು. ತಪ್ಪಾಗಿದ್ದರೆ ಇಷ್ಟು ಶಿಸ್ತಿನಿಂದ ಮರಳಿ ಬರುವುದಿಲ್ಲ.

ಅಂದರೆ ನೀರು ಹೆಚ್ಚಾದಂತೆ ಏರುತ್ತ ಹೋದ ವಿದ್ಯುತ್ತು, ಒಂದು ಜಾಗದಲ್ಲಿ ಹಳ್ಳಕ್ಕೆ ಬಿದ್ದು ಮತ್ತೆ ಏರುತ್ತದೆ. ಇದನ್ನು ಯಾರಾದರೂ ಬರೆದದ್ದನ್ನು ನಾನು ಓದಿಲ್ಲ. ಮೂಡುಬಿದಿರೆಯಲ್ಲಿ ನಾನಿರುವ ಈ ಮಹಡಿಯ ಕೋಣೆಯಲ್ಲಿ ಬೆಳಿಗ್ಗೆಯಿಂದ ಹದಿನಾಲ್ಕು ಹಾಳೆ ತುಂಬಿಸಿದ್ದೇನೆ. ನೀರಿನ ಅಣುಗಳು ಒಂದು ಹದಕ್ಕೆ ಬಂದಾಗ ಒಂದರ ಕೈ ಒಂದು ಹಿಡಿದುಕೊಂಡು ಬಿಗಿಯಾಗುತ್ತವೆ, ಯಾರನ್ನೂ ದಾಟಲು ಬಿಡುವುದಿಲ್ಲ. ಇನ್ನಷ್ಟು ನೀರು ಬಂದಾಗ ಹಿಡಿತ ಸಡಿಲವಾಗುತ್ತದೆ. ಎಷ್ಟು ಸುಂದರವಾಗಿದೆ.

ನನ್ನ ಗೈಡ್ ಚಿದಾನಂದ ಸರ್‌ಗೆ ಫೋನ್ ಮಾಡಿದೆ. ಅವರು ಊಟದ ಮಧ್ಯದಲ್ಲಿದ್ದರು. ಪೂರ್ತಿ ಕೇಳಿದರು. ಆಮೇಲೆ, "ಪದ್ಮಾಕ್ಷಿ, ಒಂಬತ್ತು ವರ್ಷ ನೀವು ನನಗೆ ಒಂದು ಸರ್‌ಪ್ರೈಸ್ ಕೊಟ್ಟವರಲ್ಲ. ಇದು ಥೀಸಿಸ್ ಮಾರಾಯ್ರೆ" ಎಂದರು. ಕೈ ತೊಳೆಯುವ ಸದ್ದು ಕೇಳಿಸಿತು.

ಸಂಜೆ ಕಾಂತಿಯ ಫೋನ್. ಎತ್ತಿದೆ. "ಎತ್ತಿದ್ದೀಯಲ್ಲ" ಎಂದಳು. "ಆರಾಮುಂಟಾ?" ಅಮ್ಮ ತೀರಿದ ಮೇಲೆ ಬೆಳ್ತಂಗಡಿಯ ಮನೆಯಿಂದ ತಂದ ಪಾತ್ರೆಗಳನ್ನು ಏನು ಮಾಡುವುದೆಂದು ಕೇಳಿದಳು. ನೀನೇ ಇಟ್ಟುಕೋ ಎಂದೆ. ಐದು ನಿಮಿಷ.

ಜುಲೈ 29, ಮಂಗಳವಾರ

ಮೇಜಿನ ಮೇಲೆ ಬಾಳೆಲೆಯ ಪೊಟ್ಟಣ ಇತ್ತು. ಒಳಗೆ ಕೆಸುವಿನ ಎಲೆಯ ಪತ್ರೊಡೆ. ಅಟೆಂಡರ್ ಜತ್ತಪ್ಪ ಇಟ್ಟದ್ದು. "ಮೋಹಿನಿ ಕೊಟ್ಟದ್ದು ಮೇಡಂ. ನೀವು ಮೂರು ವಾರದಿಂದ ಬ್ರೆಡ್ ತಿನ್ನುದು ನೋಡಿ ಹೇಳಿದೆ. ನನಗೇ ಬೈದ್ಲು, ನೋಡ್ಕೊಂಡು ಕೂತದ್ದಾ ಅಂತ."

ಮೋಹಿನಿ ಅವರ ಹೆಂಡತಿ. ಬೆಳುವಾಯಿಯಲ್ಲಿ ಮನೆ. ಏಳು ವರ್ಷದಿಂದ ಒಂದೇ ಲ್ಯಾಬಿನಲ್ಲಿದ್ದೂ ಇವೆರಡೂ ನನಗೆ ತಿಳಿದಿರಲಿಲ್ಲ. ತಿಳಿಯಬೇಕಾದ ಕಾರಣವೂ ಇರಲಿಲ್ಲ.

ಜತ್ತಪ್ಪ ಭರಣಿಗಳಿಗೆ ದನಗಳಿಗೆ ಹೆಸರಿಟ್ಟ ಹಾಗೆ ಇಟ್ಟಿದ್ದಾರೆ. ಒಣಕಲು, ಪಾಪದ್ದು, ನಡುವಿನದ್ದು. ಎಪ್ಪತ್ತೈದರದ್ದು ಹಟಮಾರಿ. "ಹಟಮಾರಿ ಇವತ್ತು ಎಷ್ಟು ಕೊಟ್ಟಿತು?" ಎಂದು ಕೇಳುತ್ತಾರೆ.

ಏಳೇ ಕೊಟ್ಟಿತು.

ಆಗಸ್ಟ್ 6, ಬುಧವಾರ

ಚಿದಾನಂದ ಸರ್ ಮಿಜಾರಿನ ನಮ್ಮ ಕಾಲೇಜಿಗೇ ಬಂದರು. ಹಳ್ಳವನ್ನು ಕಣ್ಣಾರೆ ಕಂಡರು. ಸಮಿತಿಗೆ ಕಳಿಸುವ ಸಾರಾಂಶದ ಮೊದಲ ವಾಕ್ಯವನ್ನೇ ಅದರ ಮೇಲೆ ಕಟ್ಟಿದರು. ಹೊರಡುವಾಗ ಕಾರಿನ ಗಾಜು ಇಳಿಸಿ, "ಒಂದು ಉಳಿದಿದೆ. ಪ್ರತಿ ಪಟ್ಟಿ ಎಷ್ಟು ನೀರು ಹೀರಿದೆ ಎಂಬ ತೂಕ. ಅದಿಲ್ಲದೆ ಸಮಿತಿ ಬಿಡುವುದಿಲ್ಲ" ಎಂದರು.

ಪಟ್ಟಿಗಳ ಒಣತೂಕ ಜೂನಿನಲ್ಲೇ ಬರೆದಿಟ್ಟಿದ್ದೇನೆ. ಈಗಿನ ತೂಕ ಬೇಕು. ತಕ್ಕಡಿ ಬರುವುದು ಸೆಪ್ಟೆಂಬರಿಗೆ.

ಮಿಲಿಗ್ರಾಂ ತೂಗುವವರು ಈ ತಾಲೂಕುಗಳಲ್ಲಿ ಇನ್ನು ಯಾರಿದ್ದಾರೆ ಎಂದು ಯೋಚಿಸುತ್ತ ಬಸ್ಸಿನಲ್ಲಿ ಕೂತಿದ್ದೆ. ಎದುರಿನ ಸೀಟಿನ ಹೆಂಗಸಿನ ಕಿವಿಯಲ್ಲಿ ಚಿನ್ನದ ಬೆಂಡೋಲೆ ಅಲ್ಲಾಡಿತು. ಇಳಿದ ಕೂಡಲೇ ಕಾಂತಿಗೆ ಫೋನ್ ಮಾಡಿದೆ. ಅವಳಿಗೆ ಬಂಟ್ವಾಳದ ಬಂಗಾರದ ಅಂಗಡಿಯವರ ಪರಿಚಯವಿದೆ.

ಆಗಸ್ಟ್ 17, ಭಾನುವಾರ

ಬರೆದು ಮುಗಿಸುವವರೆಗೆ ಏಳುವುದಿಲ್ಲ.

ಸಿದ್ಧಕಟ್ಟೆಯ ಮೇಲೆ ಬಂಟ್ವಾಳಕ್ಕೆ ಹೋಗುವ ಬಸ್ಸು ಹಿಡಿದೆವು. ನನ್ನ ಮಡಿಲಲ್ಲಿ ಮೂರು ಭರಣಿ, ಜತ್ತಪ್ಪನ ಮಡಿಲಲ್ಲಿ ಮೂರು. ಅವರನ್ನು ಬರಲು ಹೇಳಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದರು.

ಕಂಡಕ್ಟರ್ ಕೇಳಿದ, "ಉಪ್ಪಿನಕಾಯಿಯಾ ಅಣ್ಣ?"

"ಹೌದು, ಕರೆಂಟಿನ ಉಪ್ಪಿನಕಾಯಿ" ಎಂದರು ಜತ್ತಪ್ಪ. "ಕೈ ಹಾಕ್ಬೇಡ, ಹೊಡೀತದೆ."

ಬಂಗಾರದ ಅಂಗಡಿಗೆ ವಾರದ ರಜೆ. ಮೊದಲೇ ಬಂದು ನಿಂತಿದ್ದ ಕಾಂತಿಯ ಮಾತಿಗೆ ಮಾಲೀಕ ಮನೀಷ್ ಅರ್ಧ ಶಟರ್ ಎತ್ತಿದ್ದರು. ಮೂವತ್ತು ದಾಟಿರದ ಮನುಷ್ಯ. ಫ್ಯಾನು ಆರಿಸಿ, ತಕ್ಕಡಿಯ ಗಾಜಿನ ಬಾಗಿಲು ಒರೆಸಿ ಕಾದು ಕೂತಿದ್ದರು. ಮೊದಲ ಪಟ್ಟಿಯನ್ನು ಚಿಮಟದಲ್ಲಿ ಇಟ್ಟಾಗ, "ಹಲಸಿನ ಬೀಜವಾ ಮೇಡಂ? ಇದಕ್ಕೆ ಎಷ್ಟು ಕ್ಯಾರೆಟ್?" ಎಂದರು.

"ಇದನ್ನು ಅಡವಿಟ್ಟರೆ ಏನು ಕೊಡ್ತೀರಿ, ಅದು ಹೇಳಿ" ಎಂದಳು ಕಾಂತಿ.

ನಾನು ಅಂಕಿ ಕೂಗಿದೆ, ಜತ್ತಪ್ಪ ಬರೆದುಕೊಂಡರು. ನೂರು ಗ್ರಾಂ ಪ್ರೋಟೀನಿಗೆ ಎಷ್ಟು ನೀರು ಎಂದು ಲೆಕ್ಕ ಮಾಡುತ್ತ ಹೋದೆ. ಒಣ ಭರಣಿ, ಎರಡು. ಮೂವತ್ತಮೂರರದ್ದು, ಏಳು. ಐವತ್ತಮೂರರದ್ದು, ಹನ್ನೊಂದು. ಎಪ್ಪತ್ತೈದರದ್ದು ಹದಿನಾರೋ ಹದಿನೇಳೋ ಇರಬೇಕು. ತಕ್ಕಡಿಯ ಕೆಂಪು ಅಂಕಿ ನಿಂತಿತು. ಲೆಕ್ಕ ಮಾಡಿದೆ. ಎಂಟು.

ಮತ್ತೆ ತೂಗಿದೆ. ಎಂಟು.

ಹಳ್ಳ ಇರಲಿಲ್ಲ. ಪಟ್ಟಿಯೊಳಗೆ ನೀರೇ ಕಡಿಮೆ ಇತ್ತು. ಎಂಟು ಗ್ರಾಂ ನೀರು ಕುಡಿದ ಪ್ರೋಟೀನ್ ಎಂಟು ಗ್ರಾಮಿಗೆ ತಕ್ಕಷ್ಟೇ ವಿದ್ಯುತ್ ಬಿಟ್ಟಿದೆ. ಅದು ಒಂದು ತಿಂಗಳಿನಿಂದ ನಿಜವನ್ನೇ ಹೇಳುತ್ತಿತ್ತು. ಸುಳ್ಳು ಹೇಳಿದ್ದು ಭರಣಿಯ ಮೇಲೆ ನಾನು ಅಂಟಿಸಿದ ಚೀಟಿ.

"ಜತ್ತಪ್ಪ, ಇದಕ್ಕೆ ಏನು ಹಾಕಿದ್ದು?"

"ಮನೆ ಉಪ್ಪು ಮೇಡಂ. ಈ ವರ್ಷದ ಹೊಸ ಕಲ್ಲುಪ್ಪು. ನೀವೇ ಹೇಳಿದ್ದಲ್ವಾ."

"ನೀರು?"

"ನಳ್ಳಿನೀರು ಹಾಕ್ಲಿಲ್ಲ. ಹಾಕಿದ್ರೆ ಉಪ್ಪು ಕರಗ್ತದಲ್ಲ, ಕರಗ್ಬಾರ್ದು ಅಂದಿದ್ರಿ. ಉಪ್ಪಿನ ಬುಟ್ಟಿಯ ಅಡಿಗೆ ತೆಂಗಿನ ಗೆರಟೆ ಇಡ್ತೇವೆ, ಮಳೆಗಾಲದಲ್ಲಿ ಉಪ್ಪು ನೀರು ಬಿಡ್ತದಲ್ಲ, ಅದು ಬೀಳ್ಲಿಕ್ಕೆ. ಆ ನೀರು ಹಾಕಿದೆ. ಅದು ಉಪ್ಪಿನದ್ದೇ ನೀರು. ಅದರಲ್ಲಿ ಉಪ್ಪು ಕರಗುದೇ ಇಲ್ಲ, ನೋಡಿ, ಹಾಗೇ ಉಂಟು."

ಅವರ ತರ್ಕದಲ್ಲಿ ಒಂದು ಬಿರುಕೂ ಇಲ್ಲ. ಕಲ್ಲುಪ್ಪು ಮಳೆಗಾಲದಲ್ಲಿ ಬಿಡುವ ಆ ಕಹಿನೀರು ಬಹುಪಾಲು ಮೆಗ್ನೀಸಿಯಂ ಕ್ಲೋರೈಡ್. ನನ್ನ ಮೂವತ್ತಮೂರರ ಭರಣಿಯಲ್ಲಿರುವ ಅದೇ ಲವಣ. ಭರಣಿಯೊಳಗಿನ ಗಾಳಿಯ ತೇವವನ್ನು ಅದು ಹೀರಿಕೊಂಡು ಕೂತಿದೆ, ಎಪ್ಪತ್ತೈದಕ್ಕೆ ಏರಲು ಬಿಟ್ಟಿಲ್ಲ.

ಕಾಂತಿ ನಗತೊಡಗಿದಳು. "ಅಮ್ಮ ಹೊಸ ಉಪ್ಪನ್ನು ಉಪ್ಪಿನಕಾಯಿಗೆ ಮುಟ್ಟಿಸ್ತಿರಲಿಲ್ಲ. ಮೂರು ಮಳೆಗಾಲ ನೀರು ಬಿಡ್ಬೇಕು, ಆಮೇಲೆ ಅದು ಉಪ್ಪು ಅಂತಿದ್ರು. ನೀನು ಅಡಿಗೆಮನೆಗೆ ಯಾವತ್ತು ಬಂದದ್ದು, ನಿನಗೆ ಗೊತ್ತಾಗ್ಲಿಕ್ಕೆ?"

ಜತ್ತಪ್ಪ ನಗಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಆರೂ ಭರಣಿಗಳನ್ನು ತಾವೇ ಹಿಡಿದುಕೊಂಡಿದ್ದರು.

ಆಗಸ್ಟ್ 18, ಸೋಮವಾರ

ಯಾರಿಗೂ ತಿಳಿಯುವುದಿಲ್ಲ. ಈ ವಾಕ್ಯವನ್ನು ಬರೆದು ನೋಡಬೇಕೆನಿಸಿತು. ತೂಕದ ಹಾಳೆ ನನ್ನ ಬಳಿ ಇದೆ. ಎಂಟನ್ನು ಹದಿನೇಳು ಮಾಡಿದರೆ ಹಳ್ಳ ಉಳಿಯುತ್ತದೆ. ಹಳ್ಳ ಉಳಿದರೆ ನಾನು ಉಳಿಯುತ್ತೇನೆ. ಬರೆದಾಯಿತು. ನೋಡಿದ್ದೂ ಆಯಿತು.

ಚಿದಾನಂದ ಸರ್‌ಗೆ ಹೇಳಿದೆ. "ಹಳ್ಳ ಹೋದರೆ ಉಳಿಯುವುದೇನು? ನೀರು ಹೆಚ್ಚಾದರೆ ವಿದ್ಯುತ್ತು ಹೆಚ್ಚುತ್ತದೆ. ಅದು ಎಲ್ಲರಿಗೂ ಗೊತ್ತುಂಟು. ಹೊಸತೇನು ಅಂತ ಕೇಳ್ತಾರೆ." ಮತ್ತೆ, "ಆ ಅಟೆಂಡರಿಗೆ ಒಂದು ಮೆಮೋ ಕೊಡಿ. ತಪ್ಪು ಎಲ್ಲಿಂದ ಬಂತು ಅಂತ ದಾಖಲೆ ಇರಲಿ. ಸಮಯ ಕೇಳ್ಲಿಕ್ಕೆ ಒಂದು ಆಧಾರ ಆಗ್ತದೆ" ಎಂದರು.

ಮೆಮೋದ ಕರಡು ಬರೆಯಲು ಕುಳಿತೆ. ಯಾವ ದಿನಾಂಕದಂದು ಏನು ಸೂಚನೆ ಕೊಟ್ಟಿದ್ದೆ ಎಂದು ನೋಡಲು ಈ ಪುಸ್ತಕದ ಜುಲೈ ಏಳನ್ನು ತೆಗೆದೆ. 'ಉಪ್ಪು ಯಾವುದಾದರೇನು.' ನನ್ನದೇ ಅಕ್ಷರ, ಅವಸರದ್ದು.

ಕರಡು ಹರಿದೆ.

ಆಗಸ್ಟ್ 20, ಬುಧವಾರ

ಜತ್ತಪ್ಪ ಎರಡು ದಿನದಿಂದ ಲ್ಯಾಬಿಗೆ ಬಂದಿಲ್ಲ. ಮಂಗಳೂರಿನಿಂದ ಲ್ಯಾಬಿನ ಶುದ್ಧ ಉಪ್ಪಿನ ಬಾಟಲಿ ತರಿಸಿ ಹೊಸ ಭರಣಿ ಕಟ್ಟಿದೆ. ಕೈಗೆ ಸ್ಪೂನು ಸಿಗಲಿಲ್ಲ, ಬೀಗದ ಕೈ ಸಿಗಲಿಲ್ಲ. ಅವರು ಯಾವುದನ್ನು ಎಲ್ಲಿ ಇಡುತ್ತಾರೆಂದು ನನಗೆ ತಿಳಿದೇ ಇಲ್ಲ.

ನಾಲ್ಕು ಗಂಟೆಗೆ ಬೆಳುವಾಯಿಯಲ್ಲಿ ಇಳಿದೆ. ಅವರ ಮನೆ ತೋರಿಸಲು ಮೂವರನ್ನು ಕೇಳಬೇಕಾಯಿತು. ಜಗಲಿಯಲ್ಲಿದ್ದ ಮೋಹಿನಿ ಎದ್ದು ನಿಂತು, ಬನ್ನಿ, ಕೂತುಕೊಳ್ಳಿ ಎಂದು ತುಳುವಿನಲ್ಲಿ ಕರೆದರು. "ಬಲೆ, ಕುಳ್ಳುಲೆ." ಕುಳಿತೆ. ಜತ್ತಪ್ಪ ಒಳಗಿನಿಂದ ಅಂಗಿ ಹಾಕಿಕೊಳ್ಳುತ್ತ ಬಂದರು.

"ನನ್ನಿಂದ ನಿಮ್ಮ ಡಾಕ್ಟ್ರೇಟು ಹೋಯ್ತಲ್ಲ ಮೇಡಂ."

"ಹೋಗಲಿಲ್ಲ. ಹೋದರೂ ನಿಮ್ಮಿಂದಲ್ಲ, ನಾನು ಹೇಳಿದ್ದನ್ನೇ ನೀವು ಮಾಡಿದ್ದು. ಸ್ಪೂನು ಎಲ್ಲಿಡ್ತೀರಿ?"

"ಎಡಗಡೆ ಡ್ರಾಯರ್. ಮೆತ್ತಗೆ ಎತ್ತಿ ಎಳೀಬೇಕು, ಇಲ್ಲದಿದ್ರೆ ಬರೂದಿಲ್ಲ."

ಮೋಹಿನಿ ಒಳಗೆ ಕರೆದರು. ಒಲೆಯ ಪಕ್ಕದಲ್ಲಿ ಎರಡು ಬುಟ್ಟಿ. ಒಂದರ ಅಡಿಯ ಗೆರಟೆಯಲ್ಲಿ ಕಂದುಬಣ್ಣದ ನೀರು. ಇನ್ನೊಂದರ ಗೆರಟೆ ಖಾಲಿ, ಒಣಗಿ ಬಿಳಿಯಾಗಿದೆ. "ಇದು ನಾಲ್ಕು ಮಳೆಗಾಲದ್ದು" ಎಂದರು. "ಇನ್ನು ಇದು ಯಾರಿಗೂ ನೀರು ಕೊಡುದಿಲ್ಲ, ಯಾರಿಂದಲೂ ತಗೊಳ್ಳುದಿಲ್ಲ. ಇವರಿಗೆ ಇದನ್ನೇ ಕೊಡ್ತಿದ್ದೆ, ನನ್ನ ಹತ್ರ ಕೇಳಿದ್ದಿದ್ರೆ. ಉಪ್ಪಿನಕಾಯಿಯ ಉಪ್ಪು ಮುಗೀತದೆ ಅಂತ ಹೆದರಿ ಹೊಸದರಿಂದ ಕದ್ದು ತಗೊಂಡು ಹೋದದ್ದು."

ಜತ್ತಪ್ಪ ಹಂಚಿನ ಮಾಡಿನ ಕಡೆ ನೋಡಿದರು.

ಒಂದು ಹಿಡಿ ಹಳೆ ಉಪ್ಪು, ಒಂದು ಸೀಸೆ ಕಂದುನೀರು ತಂದಿದ್ದೇನೆ. ಅಲ್ಲೇ ಊಟವಾಯಿತು. ಕೆಂಪಕ್ಕಿ ಗಂಜಿ, ಚಟ್ನಿ. ಏನು ಮಾತಾಡಿದೆವೆಂದು ಈಗ ನೆನಪಿಸಿಕೊಂಡರೆ ಎಲ್ಲವೂ ತುಳುವಿನಲ್ಲೇ ಬರುತ್ತಿದೆ.

ಆಗಸ್ಟ್ 24, ಭಾನುವಾರ

ಮತ್ತೆ ಬಂಟ್ವಾಳ. ಮನೀಷ್ ಶಟರ್ ಪೂರ್ತಿ ಎತ್ತಿದ್ದರು. ಈ ಸಲ ಜತ್ತಪ್ಪಣ್ಣ ಅಂಕಿ ಕೂಗಿದರು, ನಾನು ಬರೆದೆ.

ಮಂಗಳೂರಿನ ಬಾಟಲಿಯ ಉಪ್ಪಿನ ಮೇಲೆ ಕೂತ ಪಟ್ಟಿ, ಹದಿನೇಳು. ಮೋಹಿನಿಯ ನಾಲ್ಕು ಮಳೆಗಾಲದ ಉಪ್ಪಿನ ಮೇಲೆ ಕೂತದ್ದು, ಹದಿನೇಳು. ವಿದ್ಯುತ್ತನ್ನು ನಿನ್ನೆಯೇ ಅಳೆದಿದ್ದೆ, ಎರಡರದ್ದೂ ಸಾವಿರದ ಆರುನೂರರ ಆಸುಪಾಸು. ಮನೀಷ್, "ಹಾಗಾದ್ರೆ ಅವರ ಮನೆಯದ್ದೂ ಇಪ್ಪತ್ತನಾಲ್ಕು ಕ್ಯಾರೆಟ್" ಎಂದರು.

ಮನೆಗೆ ಬಂದು, ಕಾಂತಿ ಕಟ್ಟಿಕೊಟ್ಟದ್ದನ್ನು ಬಿಚ್ಚುವ ಮೊದಲೇ, ಮೆಟ್ಟಿಲಿಗೆ ಹತ್ತು ಪಟ್ಟು ಏರುವ ಲಾಗ್ ಗ್ರಾಫಿನ ಹಾಳೆ ಹರಡಿದೆ. ಇಷ್ಟು ವರ್ಷ ಕೆಳಗಿನ ಗೆರೆಯಲ್ಲಿ ಭರಣಿಯ ಅಂಕಿ ಹಾಕುತ್ತಿದ್ದೆ. ಪುಸ್ತಕಗಳಲ್ಲಿ ಬಹುಪಾಲು ಹಾಗೆಯೇ ಇದೆ. ಇವತ್ತು ಪಟ್ಟಿ ನಿಜವಾಗಿ ಕುಡಿದ ನೀರನ್ನು ಹಾಕಿದೆ. ಎರಡು, ಏಳು, ಹನ್ನೊಂದು, ಹದಿನೇಳು, ಇಪ್ಪತ್ತೊಂದು, ಮೂವತ್ತು. ಸ್ಕೇಲು ಇಟ್ಟೆ. ನೇರ ಗೆರೆ. ತೀರ ಒದ್ದೆಯ ಕೊನೆಯ ಭರಣಿ ಮಾತ್ರ ಸ್ವಲ್ಪ ಬಾಗಿದೆ, ಬಾಗಲಿ.

ಆಮೇಲೆ ಹಟಮಾರಿ. ಎಂಟು ಗ್ರಾಂ ನೀರು, ಏಳು ಪಿಕೋ ಆಂಪಿಯರ್. ಪೆನ್ಸಿಲ್ ಇಟ್ಟಲ್ಲಿ ಗೆರೆಯೇ ಇತ್ತು. ಗೆರೆಯ ಮೇಲೆ, ಕೂದಲೆಳೆಯಷ್ಟೂ ಆಚೆಗಿಲ್ಲದೆ.

ಯಾವ ಲವಣ, ಯಾವ ಊರು, ಭರಣಿಯ ಚೀಟಿಯಲ್ಲಿ ಏನು ಬರೆದಿದೆ, ಯಾವುದೂ ಅದಕ್ಕೆ ಲೆಕ್ಕಕ್ಕಿಲ್ಲ. ಎಷ್ಟು ನೀರು ಅಷ್ಟು ವಿದ್ಯುತ್ತು. ಇದನ್ನು ಸರಿಯಾದ ಐದು ಭರಣಿಗಳಿಗಿಂತ ತಪ್ಪಾದ ಒಂದು ಭರಣಿ ಗಟ್ಟಿಯಾಗಿ ಹೇಳುತ್ತಿದೆ. ಬೇಕೆಂದು ಯೋಚಿಸಿದ್ದರೂ ಇಂಥ ಪರೀಕ್ಷೆ ನನಗೆ ಹೊಳೆಯುತ್ತಿರಲಿಲ್ಲ.

ಕಾಂತಿಗೆ ಫೋನ್ ಮಾಡಿ ಹೇಳಿದೆ. ಗ್ರಾಫು, ಗೆರೆ, ಎಲ್ಲ. ಅಮ್ಮ ಉಪ್ಪಿನ ಬುಟ್ಟಿಯನ್ನು ಎಲ್ಲಿಡುತ್ತಿದ್ದರು ಎಂದು ಕೇಳಿದೆ. ಒಂದು ಗಂಟೆ ಹತ್ತು ನಿಮಿಷ ಎಂದು ಫೋನು ತೋರಿಸುತ್ತಿದೆ. ತಪ್ಪು ತೋರಿಸುತ್ತಿರಬೇಕು.

ಆಗಸ್ಟ್ 28, ಗುರುವಾರ

ಚಿದಾನಂದ ಸರ್ ಸಾರಾಂಶ ತಿರುಗಿ ಬರೆದಿದ್ದಾರೆ. "ಹಳ್ಳಕ್ಕಿಂತ ಗೆರೆ ಒಳ್ಳೆಯದು. ಆದರೆ ಉಪ್ಪಿನ ಕತೆ ಹೇಳ್ಬೇಡಿ, ನಗ್ತಾರೆ."

ಆಗಸ್ಟ್ 29, ಶುಕ್ರವಾರ

ಐದು ಜನ. ಮಧ್ಯದಲ್ಲಿದ್ದವರು ಹೊರ ರಾಜ್ಯದವರು, ಹಿರಿಯರು, ಕನ್ನಡಕವನ್ನು ಹಣೆಗೆ ಏರಿಸಿ ಗ್ರಾಫನ್ನು ಮೂಗಿನ ಹತ್ತಿರ ಹಿಡಿದರು. "ಆರು ಭರಣಿ ಅಂದಿರಿ. ಬಿಂದು ಎಂಟಿವೆ."

"ಏಳನೆಯದು ಬೆಳುವಾಯಿಯ ಒಂದು ಮನೆಯ ಹಳೆಯ ಉಪ್ಪು. ಎಂಟನೆಯದು ಅದೇ ಮನೆಯ ಹೊಸ ಉಪ್ಪು ಬಿಟ್ಟ ನೀರು."

ಯಾರೋ ನಕ್ಕರು. ಆ ಹಿರಿಯರು ನಗಲಿಲ್ಲ. "ಎಂಟನೆಯದನ್ನು ಪರೀಕ್ಷೆಗೆಂದೇ ಹಾಕಿದಿರಾ?"

ಹೌದು ಎನ್ನಬಹುದಿತ್ತು. ಪಕ್ಕದಲ್ಲಿ ಚಿದಾನಂದ ಸರ್ ನೀರಿನ ಲೋಟ ಎತ್ತಿಕೊಂಡರು.

"ಇಲ್ಲ. ಯಾವ ಉಪ್ಪಾದರೂ ಆದೀತು ಎಂದು ನಾನೇ ಹೇಳಿ, ತಪ್ಪಿ ಬಂದದ್ದು. ಒಂದು ತಿಂಗಳು ಅದನ್ನು ಹೊಸ ಶೋಧ ಎಂದು ನಂಬಿದ್ದೆ. ಹದಿನಾಲ್ಕು ಹಾಳೆ ಸಿದ್ಧಾಂತ ಬರೆದಿದ್ದೇನೆ."

ಅವರು ಆ ಬಿಂದುವಿನ ಸುತ್ತ ಪೆನ್ಸಿಲಿನಲ್ಲಿ ಒಂದು ವೃತ್ತ ಎಳೆದರು. "ಆ ಹದಿನಾಲ್ಕು ಹಾಳೆಯನ್ನೂ ಅನುಬಂಧದಲ್ಲಿ ಸೇರಿಸಿ. ಮುಂದೆ ಯಾರಾದರೂ ಇದೇ ಹಳ್ಳಕ್ಕೆ ಬೀಳದಿರಲಿ." ಆಮೇಲೆ ಸಹಿ ಮಾಡಿದರು. ಉಳಿದ ನಾಲ್ವರು ಮಾಡಿದ್ದನ್ನು ನಾನು ಸರಿಯಾಗಿ ನೋಡಲಿಲ್ಲ.

ಹೊರಗೆ ಬೆಂಚಿನ ಮೇಲೆ ಇಸ್ತ್ರಿಯ ಅಂಗಿ. ಜತ್ತಪ್ಪಣ್ಣ ಎದ್ದು ನಿಂತರು. ನಾನು ತಲೆಯಾಡಿಸಿದೆ. "ಹಟಮಾರಿ ಗೆದ್ದಿತಾ?" ಎಂದರು. ಗ್ರಾಫಿನ ಹಾಳೆ ಬಿಡಿಸಿ, ಗೆರೆಯ ಮೇಲೆ ಕೂತ ಅದರ ಬಿಂದುವನ್ನು ತೋರಿಸಿದೆ.

ಸೆಪ್ಟೆಂಬರ್ 28, ಭಾನುವಾರ

ಶುಕ್ರವಾರ ಐದು ಪ್ರತಿ ಸಲ್ಲಿಸಿದೆ. ಗಡುವಿಗೆ ನಾಲ್ಕು ದಿನ ಇರುವಾಗ. ಕೃತಜ್ಞತೆಯ ಪುಟದಲ್ಲಿ ಮೊದಲ ಸಾಲು ಬೆಳುವಾಯಿಯ ಮನೆಗೆ, ಚಿದಾನಂದ ಸರ್ ಎರಡನೆಯವರು. ನೋಡಿ, ಪುಟ ತಿರುಗಿಸಿದರು.

ಭರಣಿಗಳನ್ನು ತೊಳೆದು ಕಪಾಟಿಗೆ ಸೇರಿಸಿದ್ದಾಯಿತು. ಎಪ್ಪತ್ತೈದರದ್ದನ್ನು ಕೊಂಡು ಹೋದ ಮೋಹಿನಿ ಅದರ ತುಂಬ ಮಾವಿನ ಉಪ್ಪಿನಕಾಯಿ ಕಳಿಸಿದ್ದಾರೆ. ಚೀಟಿ ಹಾಗೇ ಇದೆ.

ಪುಸ್ತಕದಲ್ಲಿ ಇನ್ನೂ ಅರ್ಧ ಖಾಲಿ ಹಾಳೆಗಳಿವೆ, ಬರೆಯಲು ವಿಶೇಷವೇನೂ ಉಳಿದಿಲ್ಲ. ನಾನು ಮೊದಲಿನ ಹಾಗೇ ಇದ್ದೇನೆ. ಕಾಂತಿ ಅಮ್ಮನ ಪಾತ್ರೆಗಳಲ್ಲಿ ಎರಡನ್ನು ಹಿಡಿದುಕೊಂಡು ಹನ್ನೊಂದರ ಬಸ್ಸಿಗೆ ಬರುತ್ತಾಳೆ. ಜತ್ತಪ್ಪಣ್ಣ, ಮೋಹಿನಿ ಒಂದು ಗಂಟೆಗೆ. ಅಕ್ಕಿಯ ಡಬ್ಬದ ಮುಂದೆ ಪಾವು ಹಿಡಿದುಕೊಂಡು ಆಗಲೇ ಹತ್ತು ನಿಮಿಷವಾಯಿತು. ನಾಲ್ಕು ಜನರಿಗೆ ಎಷ್ಟು ಹಾಕಬೇಕು, ಅದಕ್ಕೆ ಎಷ್ಟು ನೀರು ಎಂದು ಗೊತ್ತಾಗುತ್ತಿಲ್ಲ.

ಕಾಂತಿಗೆ ಫೋನ್ ಮಾಡಿ ಕೇಳುತ್ತೇನೆ.